ಸ್ವಿಫ್ಟ್ ಕಾರಿನ ಚಕ್ರದ ಡಿಸ್ಕ್ (ರಿಮ್) ಕತ್ತರಿಸಿ ಅಗಲ ಮಾಡಿಸಬಹುದಾ? ಸೇಫಾ? ಕಾನೂನು ಒಪ್ಪುತ್ತಾ?

ಗುತ್ತಲು ಸ್ವಿಫ್ಟ್, ಮಂಡ್ಯ

ಎಲ್ಲರಿಗೂ ನಮಸ್ಕಾರ. ನನ್ನದು 2019ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್. 58 ಸಾವಿರ ಕಿಲೋಮೀಟರ್ ಓಡಿದೆ. ಮನೆ ಮಂಡ್ಯದ ಗುತ್ತಲು ರಸ್ತೆಯಲ್ಲಿ, ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ. ವಾರಕ್ಕೆ ಆರು ದಿನ ಎಕ್ಸ್‌ಪ್ರೆಸ್‌ವೇನಲ್ಲೇ ಹೋಗಿ ಬರುತ್ತೇನೆ.

ಹೋದ ತಿಂಗಳು ಶ್ರೀರಂಗಪಟ್ಟಣದ ಹತ್ತಿರ ಮಳೆಯಲ್ಲಿ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ಜಾರಿತು. ಪಕ್ಕದಲ್ಲಿ ಅಮ್ಮ ಕೂತಿದ್ದರು. ಏನೂ ಆಗಲಿಲ್ಲ, ಆದರೆ ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಟೈರ್ ಸಣ್ಣದು, ಅದಕ್ಕೇ ಜಾರುತ್ತೆ ಅಂತ ಎಲ್ಲರೂ ಹೇಳುತ್ತಿದ್ದಾರೆ. ನನ್ನದು 165/80 ಆರ್ 14 (ಅಗಲ 165 ಮಿಲಿಮೀಟರ್, ಪಕ್ಕದ ಎತ್ತರ ಅಗಲದ 80 ಪರ್ಸೆಂಟ್, ರಿಮ್ 14 ಇಂಚು), ಕಬ್ಬಿಣದ ಡಿಸ್ಕ್.

ಗೊತ್ತಿರುವ ಒಂದು ಲೇತ್ ಅಂಗಡಿಯವರು ಇರುವ ಡಿಸ್ಕನ್ನೇ ಕತ್ತರಿಸಿ, ನಡುವೆ ಪಟ್ಟಿ ಕೊಟ್ಟು ಐದು ಇಂಚಿನಿಂದ ಏಳು ಇಂಚು ಮಾಡಿಕೊಡುತ್ತೇನೆ ಅಂದರು. ಒಂದಕ್ಕೆ 1800 ರೂಪಾಯಿ. ಅದಕ್ಕೆ 205/70 ಆರ್ 14 ಟೈರ್ ಕೂರುತ್ತಂತೆ. ಅಲಾಯ್ ವೀಲ್ ಕೊಳ್ಳುವುದಕ್ಕಿಂತ ತುಂಬಾ ಕಡಿಮೆ. ನೋಡೋಕೂ ಚೆನ್ನಾಗಿರುತ್ತೆ ಅನ್ನೋದು ನಿಜ, ಆದರೆ ನನಗೆ ಮುಖ್ಯ ಹಿಡಿತ.

ಎರಡೇ ಪ್ರಶ್ನೆ. ಆ ವೆಲ್ಡಿಂಗ್ ನೂರರ ಸ್ಪೀಡಿಗೆ ತಡೆಯುತ್ತಾ? ಪೊಲೀಸ್, ಆರ್‌ಟಿಒ ಕಡೆಯಿಂದ ತೊಂದರೆ ಇದೆಯಾ?

ಜಯಲಕ್ಷ್ಮೀಪುರಂ ಜಿಪ್ಸಿ

ಧೈರ್ಯವಾಗಿ ಮಾಡಿಸಿ ಬ್ರೋ. ನನ್ನ ಜಿಪ್ಸಿಗೆ ಇದೇ ಥರ ಮಾಡಿಸಿ ಮೂರು ವರ್ಷ ಆಯಿತು. ಏನೂ ಆಗಿಲ್ಲ. ಕೊಡಗಿಗೆ ಹತ್ತು ಸಲ ಹೋಗಿ ಬಂದಿದ್ದೇನೆ. ಯಾರೂ ನಿಲ್ಲಿಸಿ ಕೇಳಿಲ್ಲ. ವೆಲ್ಡರ್ ಕೈ ಚೆನ್ನಾಗಿದ್ದರೆ ಸಾಕು.

ಬನ್ನಿಮಂಟಪ ಟರ್ನರ್

ತಮ್ಮಾ, ಮಾಡಿಸಬೇಡ. ನನ್ನ ಮಗನ ವಯಸ್ಸು ಇರಬೇಕು ಅಂತ ‘ನೀನು’ ಅನ್ನುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ನಾನು 1989ರಿಂದ ಲೇತ್ ಮುಂದೆ ನಿಂತವನು. ಈ ಡಿಸ್ಕ್ ಅಗಲ ಮಾಡುವ ಕೆಲಸ ಬೇರೆಯವರು ಹೇಳಿ ಕೇಳಿದ್ದಲ್ಲ, ನನ್ನ ಕೈಯಿಂದಲೇ ಎಷ್ಟೋ ಜೊತೆ ಮಾಡಿದ್ದೇನೆ. ಆಗೆಲ್ಲ ಹುಣಸೂರು, ಪಾಂಡವಪುರ, ನಾಗಮಂಗಲ ಕಡೆಯಿಂದ ಜೀಪ್ ತರುತ್ತಿದ್ದರು. ಗದ್ದೆ ಕೆಸರಲ್ಲಿ ಹೂತುಕೊಳ್ಳಬಾರದು, ತೋಟದೊಳಗೆ ನಡೆಯಬೇಕು ಅಂತ. ಆ ಗಾಡಿಗಳು ಓಡುತ್ತಿದ್ದದ್ದೇ ಇಪ್ಪತ್ತು ಮೂವತ್ತರ ಸ್ಪೀಡಲ್ಲಿ.

ಕೆಲಸ ಹೇಗೆ ಅಂತ ಹೇಳುತ್ತೇನೆ ಕೇಳು. ಡಿಸ್ಕನ್ನು ಚಕ್‌ಗೆ ಕಚ್ಚಿಸುತ್ತೇವೆ. ನಡುವೆ ತಗ್ಗು ಇರುತ್ತಲ್ಲ, ಅಲ್ಲಿ ಟೂಲ್ ಕೊಟ್ಟು ಸುತ್ತಲೂ ಕತ್ತರಿಸುತ್ತೇವೆ. ಎರಡು ಬಳೆ ಆಗುತ್ತದೆ. ಕಬ್ಬಿಣದ ಪ್ಲೇಟಿನಲ್ಲಿ ಎರಡು ಇಂಚಿನ ಪಟ್ಟಿ ಕತ್ತರಿಸಿ, ಬಗ್ಗಿಸಿ, ಆ ಎರಡು ಬಳೆಗಳ ನಡುವೆ ಕೂರಿಸುತ್ತೇವೆ. ಎಂಟು ಕಡೆ ವೆಲ್ಡಿಂಗ್ ಚುಕ್ಕಿ ಇಟ್ಟು, ತಿರುಗಿಸಿ ನೋಡಿ, ಸುತ್ತಿಗೆಯಲ್ಲಿ ತಟ್ಟಿ ಸರಿ ಮಾಡಿ, ಆಮೇಲೆ ಎರಡು ಸುತ್ತು ವೆಲ್ಡಿಂಗ್. ಪಟ್ಟಿ ಕೂಡುವ ಜಾಗದಲ್ಲಿ ಅಡ್ಡಕ್ಕೆ ಇನ್ನೊಂದು. ಕೊನೆಗೆ ಗ್ರೈಂಡರ್ ಹೊಡೆದು, ಪುಟ್ಟಿ ಎಳೆದು, ಸಿಲ್ವರ್ ಪೇಂಟ್. ಅಂಗಡಿ ಮುಂದೆ ಇಟ್ಟರೆ ಹೊಸ ಡಿಸ್ಕ್ ಹಾಗೇ ಕಾಣುತ್ತದೆ.

ಜಿಪ್ಸಿಯವರು ವೆಲ್ಡರ್ ಕೈ ಚೆನ್ನಾಗಿರಬೇಕು ಅಂದರು. ಅವರು ಹೇಳಿದ್ದು ಅರ್ಧ ಸರಿ. ಒಳ್ಳೇ ಕೈಯಾದರೆ ವೆಲ್ಡಿಂಗ್ ಬಿಡುವುದಿಲ್ಲ, ಅದರ ಪಕ್ಕದ ತಗಡು ಬಿಡುತ್ತದೆ. ಕಾದು ಆರಿದ ಆ ಒಂದೆರಡು ಮಿಲಿಮೀಟರ್ ಜಾಗ ಮೊದಲಿನ ಗುಣದಲ್ಲಿ ಇರುವುದಿಲ್ಲ. ಮೇಲೆ ನುಣ್ಣಗೆ ಕಾಣಲಿ ಅಂತ ಗ್ರೈಂಡರ್ ಹೊಡೆದಾಗ ಅಲ್ಲೇ ತಗಡು ಇನ್ನಷ್ಟು ತೆಳುವಾಗುತ್ತದೆ. ಫ್ಯಾಕ್ಟರಿ ಡಿಸ್ಕಿನಲ್ಲೂ ವೆಲ್ಡಿಂಗ್ ಇದೆಯಲ್ಲ ಅಂತ ನೀನು ಕೇಳಬಹುದು. ಇದೆ. ಆದರೆ ಅವರು ಪಟ್ಟಿಯನ್ನು ಮೊದಲು ಬೆಸೆದು, ಆಮೇಲೆ ರೋಲರ್‌ನಲ್ಲಿ ಒತ್ತಿ ಆಕಾರ ಕೊಡುತ್ತಾರೆ. ಆ ಡಿಸೈನಿನ ಡಿಸ್ಕನ್ನು ಮಷೀನಿಗೆ ಹಾಕಿ ಲಕ್ಷಗಟ್ಟಲೆ ಸುತ್ತು ಭಾರ ಕೊಟ್ಟು ತಿರುಗಿಸಿ ಪರೀಕ್ಷೆ ಮಾಡಿರುತ್ತಾರೆ. ನಮ್ಮ ಅಂಗಡಿಯಲ್ಲಿ ಆ ಪರೀಕ್ಷೆ ಮಾಡುವ ಮಷೀನ್ ಇಲ್ಲ. ರಸ್ತೆಯಲ್ಲೇ ಪರೀಕ್ಷೆ ಆಗಬೇಕು, ಒಳಗೆ ಮನೆಯವರು ಕೂತಿರುತ್ತಾರೆ.

ಲೆಕ್ಕ ಹಾಕಿ ನೋಡು. ನಿನ್ನ ಚಕ್ರ ಒಂದು ಸುತ್ತಿಗೆ ಹತ್ತಿರ ಹತ್ತಿರ ಎರಡು ಮೀಟರ್ ಹೋಗುತ್ತದೆ. ಮಂಡ್ಯದಿಂದ ಮೈಸೂರು 45 ಕಿಲೋಮೀಟರ್ ಅಂದರೆ ಸುಮಾರು 23 ಸಾವಿರ ಸುತ್ತು. ಪ್ರತಿ ಸುತ್ತಿನಲ್ಲೂ ಭಾರ ಕೆಳಗೆ ಬಂದಾಗ ರಿಮ್ ಕಣ್ಣಿಗೆ ಕಾಣದಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಕಬ್ಬಿಣದ ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಇದ್ದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಹೋಗಿ ಬಂದರೆ ದಿನಕ್ಕೆ 46 ಸಾವಿರ ಸಲ.

ನಾನು ಈ ಕೆಲಸ ಬಿಟ್ಟಿದ್ದು 1998ರಲ್ಲಿ. ನಮ್ಮ ಮನೆಯ ಜೀಪಿಗೆ ನಾನೇ ಎರಡು ಇಂಚು ಅಗಲ ಮಾಡಿದ್ದೆ. ವೈರಮುಡಿಗೆ ಅಂತ ಮೇಲುಕೋಟೆಗೆ ಹೋಗಿದ್ದೆವು. ಅಮ್ಮ, ಹೆಂಡತಿ, ಒಂದೂವರೆ ವರ್ಷದ ಮಗಳು. ರಾತ್ರಿಯೆಲ್ಲ ಉತ್ಸವ ನೋಡಿ ಬೆಳಗಿನ ಜಾವ ಬೆಟ್ಟ ಇಳಿಯುತ್ತಿದ್ದೆವು. ಜಕ್ಕನಹಳ್ಳಿ ಇನ್ನೂ ಸ್ವಲ್ಪ ಇದೆ ಅನ್ನುವಾಗ ಸ್ಟೇರಿಂಗ್ ಕೈಯಲ್ಲಿ ಒದರಲು ಶುರುವಾಯಿತು. ನಟ್ ಸಡಿಲ ಆಗಿರಬೇಕು ಅಂದುಕೊಂಡು ಪಕ್ಕಕ್ಕೆ ನಿಲ್ಲಿಸಿದೆ. ನಟ್ ಬಿಗಿಯಾಗೇ ಇತ್ತು. ಜಾಕ್ ಕೊಟ್ಟು ಎತ್ತಿ ಬ್ಯಾಟರಿ ಹಾಕಿ ಒಳಗಡೆಯಿಂದ ನೋಡಿದೆ.

ವೆಲ್ಡಿಂಗಿನ ಪಕ್ಕ, ಒಂದು ಗೋಧಿ ಕಾಳಿನಷ್ಟು ಜಾಗ ಬಿಟ್ಟು, ಕೂದಲೆಳೆಯಂಥ ಗೆರೆ. ನಾಲ್ಕು ಬೆರಳು ಉದ್ದ. ಗೆರೆಯ ಅಂಚಿಗೆ ಕಾವಿ ಬಣ್ಣದ ತುಕ್ಕು. ಕೈಯಲ್ಲಿ ಚಕ್ರ ಹಿಡಿದು ಅಲ್ಲಾಡಿಸಿದೆ. ಗೆರೆ ಬಾಯಿ ಬಿಟ್ಟಿತು. ಒಳಗೆ ಕಪ್ಪಗೆ ಟ್ಯೂಬ್ ಕಾಣಿಸಿತು.

ತುಕ್ಕು ಹಿಡಿದಿದೆ ಅಂದರೆ ಆ ಸೀಳು ಅವತ್ತು ಆದದ್ದಲ್ಲ. ಎಷ್ಟೋ ದಿನದಿಂದ ಅದರ ಮೇಲೇ ಓಡಾಡಿದ್ದೆವು. ಮಗು ಹಿಂದಿನ ಸೀಟಿನಲ್ಲಿ ಅಜ್ಜಿ ತೊಡೆ ಮೇಲೆ ಮಲಗಿತ್ತು. ಮನೆಗೆ ಬಂದ ವಾರದಲ್ಲಿ, ನಾನು ಮಾಡಿಕೊಟ್ಟಿದ್ದ ಗಾಡಿಗಳಲ್ಲಿ ವಿಳಾಸ ಗೊತ್ತಿದ್ದವರ ಮನೆಗೆಲ್ಲ ಹೋಗಿ ತೆಗೆಸಿ ಬಂದೆ. ಎಲ್ಲರೂ ಸಿಗಲಿಲ್ಲ. ಆ ಯೋಚನೆ ಈಗಲೂ ಇದೆ.

ಇನ್ನು ನಿನ್ನ ಸ್ವಿಫ್ಟ್ ವಿಷಯ. ನಿನ್ನದು ಟ್ಯೂಬ್‌ಲೆಸ್. ರಿಮ್ಮೇ ಗಾಳಿ ಹಿಡಿಯಬೇಕು. ಎರಡು ಸುತ್ತು ವೆಲ್ಡಿಂಗಿನಲ್ಲಿ ಸೂಜಿ ಮೊನೆಯಷ್ಟು ಒಂದು ತೂತು ಉಳಿದರೂ ಗಾಳಿ ಮೆಲ್ಲಗೆ ಇಳಿಯುತ್ತದೆ. ಅಂಗಡಿಯಲ್ಲಿ ಸೋಪಿನ ನೀರು ಹಾಕಿ ತೋರಿಸುತ್ತಾರೆ, ಗುಳ್ಳೆ ಬರುವುದಿಲ್ಲ. ಎರಡು ತಿಂಗಳಾದ ಮೇಲೆ ಬರುತ್ತದೆ. ಗಾಳಿ ಕಮ್ಮಿ ಇರುವ ಟೈರ್ ನೂರರ ಸ್ಪೀಡಲ್ಲಿ ಪಕ್ಕ ಬಾಗಿ ಬಾಗಿ ಕಾಯುತ್ತದೆ. ಸಿಡಿಯುವುದು ಹಾಗೇ.

ಆಮೇಲೆ ಬೇರಿಂಗ್. ಒಳಗಡೆ ಅಗಲ ಮಾಡಿದರೆ ಶಾಕ್ ಅಬ್ಸಾರ್ಬರ್‌ಗೆ ತಾಗುತ್ತದೆ. ಅದಕ್ಕೇ ಎರಡೂ ಇಂಚನ್ನು ಹೊರಗಡೆಗೇ ಕೊಡುತ್ತಾರೆ. ಆಗ ಚಕ್ರದ ನಡುಗೆರೆ ಒಂದು ಇಂಚು ಹೊರಗೆ ಹೋಗುತ್ತದೆ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಎಷ್ಟು ದೂರ ಬೇಕಾದರೂ ನಡೆಯಬಹುದು. ಅದೇ ಕೊಡವನ್ನು ಸೊಂಟದಿಂದ ದೂರಕ್ಕೆ ಚಾಚಿ ಹಿಡಿದು ನಾಲ್ಕು ಹೆಜ್ಜೆ ಇಡು, ಭುಜ ಬಿದ್ದುಹೋಗುತ್ತದೆ. ಬೇರಿಂಗಿಗೂ, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ಗೂ ಆಗುವುದು ಅದೇ. ಸ್ಟೇರಿಂಗ್ ಕೂಡ ಬದಲಾಗುತ್ತದೆ. ಒಂದು ಚಕ್ರ ನೀರಿಗೆ ಇಳಿದರೆ ಸಾಕು, ಗಾಡಿಯನ್ನು ಆ ಕಡೆಗೆ ಎಳೆಯುತ್ತದೆ. ನೀನು ಹೆದರಿಕೊಂಡಿದ್ದು ಅದಕ್ಕೇ ಅಲ್ವಾ?

205/70 ಹಾಕಿದರೆ ಟೈರಿನ ಎತ್ತರ ಈಗಿನ 620 ಮಿಲಿಮೀಟರ್‌ನಿಂದ 643ಕ್ಕೆ ಹೋಗುತ್ತದೆ. ಹೊರ ಅಂಚು ಒಂದೊಂದು ಕಡೆಗೆ 45 ಮಿಲಿಮೀಟರ್ ಆಚೆ ಬರುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಡ್ಗಾರ್ಡ್ ಒಳಗಿನ ಪ್ಲಾಸ್ಟಿಕ್ ಉಜ್ಜುತ್ತದೆ. ಮೀಟರ್ ಲೆಕ್ಕವೂ ಮೂರೂವರೆ ಪರ್ಸೆಂಟ್‌ಗಿಂತ ಜಾಸ್ತಿ ತಪ್ಪುತ್ತದೆ.

ಅಗಲ ಟೈರ್ ಮಳೆಯಲ್ಲಿ ಜಾಸ್ತಿ ಹಿಡಿಯುತ್ತದೆ ಅನ್ನುವ ಮಾತನ್ನೂ ಸ್ವಲ್ಪ ಯೋಚಿಸು. ನೀರು ನಿಂತ ರಸ್ತೆಯಲ್ಲಿ ಟೈರ್ ನೀರನ್ನು ಪಕ್ಕಕ್ಕೆ ತಳ್ಳಬೇಕು. ಅಗಲ ಆದಷ್ಟೂ ತಳ್ಳುವ ನೀರು ಜಾಸ್ತಿ. ತಳ್ಳಲಾಗದಿದ್ದರೆ ಟೈರ್ ನೀರಿನ ಮೇಲೆ ತೇಲುತ್ತದೆ. ನೀರು ಹೋಗುವುದು ಟೈರಿನ ಗೀರುಗಳಿಂದ. ಅದಕ್ಕೇ ಕೇಳುತ್ತೇನೆ, ನಿನ್ನ ಟೈರ್ ಯಾವಾಗಿನದು? ಪಕ್ಕದಲ್ಲಿ ಡಿಒಟಿ ಅಂತ ಇರುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಆಮೇಲಿನ ಎರಡು ವರ್ಷ. ಗೀರುಗಳ ಒಳಗೆ ಅಲ್ಲಲ್ಲಿ ಸಣ್ಣ ದಿಣ್ಣೆ ಇರುತ್ತದೆ, ಟೈರ್ ಸವೆದು ಅದರ ಮಟ್ಟಕ್ಕೆ ಬಂದಿದೆಯಾ ನೋಡು. ಅಲ್ಲಿಗೆ ಉಳಿಯುವುದು 1.6 ಮಿಲಿಮೀಟರ್. ಕಾನೂನಿನ ಪ್ರಕಾರ ಕಾರಿಗೆ ಅದೇ ಕೊನೆ. ನೋಡಿ ಬಂದು ಹೇಳು.

ಕುವೆಂಪುನಗರ ಸರ್ವೇಯರ್

ಟರ್ನರ್ ಸರ್ ಹೇಳಿದ ಮೇಲೆ ಸೇಫ್ಟಿ ಬಗ್ಗೆ ನಾನು ಸೇರಿಸುವುದು ಏನೂ ಇಲ್ಲ. ಕಾನೂನಿನ ವಿಷಯ ಹೇಳುತ್ತೇನೆ. ನಾನು ವಾಹನ ಇನ್ಶೂರೆನ್ಸ್ ಕ್ಲೇಮ್ ನೋಡುವ ಕೆಲಸದಲ್ಲಿದ್ದೇನೆ.

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52. ಗಾಡಿ ತಯಾರಿಸಿದವರು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಮಾಲೀಕರು ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೆಕ್ಷನ್ 182ಎ ಬಂತು. ಅನುಮತಿ ಇಲ್ಲದ ಬದಲಾವಣೆ ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ. ಡಿಸ್ಕ್ ಕತ್ತರಿಸಿ ಬೆಸೆದು ಹಾಕಿದರೆ ತಪ್ಪಿಸಿಕೊಳ್ಳುವ ದಾರಿ ನನಗೆ ಕಾಣುವುದಿಲ್ಲ.

ಯಾರೂ ನಿಲ್ಲಿಸಿ ಕೇಳಿಲ್ಲ ಅನ್ನುವುದು ನಿಜವೇ ಇರಬಹುದು. ದಾರಿಯಲ್ಲಿ ಯಾರೂ ಕೇಳುವುದಿಲ್ಲ. ಆಕ್ಸಿಡೆಂಟ್ ಆದ ಮೇಲೆ ಕೇಳುತ್ತಾರೆ. ಗಾಡಿ ನೋಡಲು ಹೋದಾಗ ನಾವು ಮೊದಲು ಕೂತು ನೋಡುವುದೇ ಚಕ್ರ. ಹೋದ ವರ್ಷ ಒಂದು ಗಾಡಿ ನೋಡಿದೆ. ಚಕ್ರ ಹೊರಗೆ ಬರಲಿ ಅಂತ ಅದರ ಹಿಂದೆ ಸ್ಪೇಸರ್ ಅನ್ನುವ ದಪ್ಪ ಬಿಲ್ಲೆ ಹಾಕಿಸಿದ್ದರು. ಸ್ಟಡ್ ಮುರಿದು ಮುಂದಿನ ಚಕ್ರ ಬಿಚ್ಚಿಕೊಂಡು ಹೋಗಿತ್ತು. ಪಾಲಿಸಿ ಮಾಡಿಸುವಾಗ ಅದನ್ನು ತಿಳಿಸಿರಲಿಲ್ಲ. ಮನೆಯವರು ಕೈ ಮುಗಿದು ಕೇಳಿಕೊಂಡರು. ನಾನು ಕಂಡದ್ದನ್ನು ಬರೆಯದೆ ಇರಲಾಗಲಿಲ್ಲ. ಆ ಕ್ಲೇಮ್ ಕೈತಪ್ಪಿ ಹೋಯಿತು.

ಅದೇ ಮಾಡೆಲ್‌ಗೆ ಕಂಪನಿಯೇ ಕೊಡುವ ಇನ್ನೊಂದು ಸೈಜ್ ಹಾಕಿಕೊಂಡರೆ ತಕರಾರು ಆದದ್ದನ್ನು ನಾನು ನೋಡಿಲ್ಲ. ಆದರೂ ಇನ್ಶೂರೆನ್ಸ್‌ನವರಿಗೆ ಬರಹದಲ್ಲಿ ತಿಳಿಸಿಬಿಡಿ.

ಗುತ್ತಲು ಸ್ವಿಫ್ಟ್, ಮಂಡ್ಯ

ಅಣ್ಣಾ, ನಿಮ್ಮ ಮೇಲುಕೋಟೆ ವಿಷಯ ಓದಿ ಅಮ್ಮನಿಗೂ ಓದಿ ಹೇಳಿದೆ. ಲೇತ್ ಅಂಗಡಿಯವರಿಗೆ ಫೋನ್ ಮಾಡಿ ಬೇಡ ಅಂದುಬಿಟ್ಟೆ.

ಟೈರ್ ನೋಡಿದೆ. ನಾಲ್ಕಕ್ಕೂ 2319 ಅಂತ ಇದೆ. ಅಂದರೆ 2019ರ 23ನೇ ವಾರ ಅಲ್ವಾ? ಗಾಡಿ ಜೊತೆ ಬಂದದ್ದೇ. ಮುಂದಿನ ಎರಡರಲ್ಲಿ ಒಳ ಅಂಚು ದಿಣ್ಣೆ ಮಟ್ಟಕ್ಕೆ ಬಂದಿದೆ, ಹೊರ ಅಂಚು ಪರವಾಗಿಲ್ಲ. ನಿಂತುಕೊಂಡು ನೋಡಿದರೆ ಚೆನ್ನಾಗೇ ಕಾಣುತ್ತೆ. ಕೈ ಹಾಕಿ ಸವರಿದಾಗಲೇ ಗೊತ್ತಾಗಿದ್ದು. ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕೂ ಇವೆ.

ಈಗ ಏನು ಹಾಕಿಸಲಿ? ಅದೇ ಸೈಜಾ, ಇಲ್ಲಾ ಸ್ವಲ್ಪ ಅಗಲದ್ದು ಹಾಕಿಸಬಹುದಾ?

ಬನ್ನಿಮಂಟಪ ಟರ್ನರ್

ಸಿಕ್ಕಿತು ನೋಡು. ಒಳ ಅಂಚು ಮಾತ್ರ ಸವೆದಿದೆ ಅಂದರೆ ಅಲೈನ್‌ಮೆಂಟ್ ತಪ್ಪಿದೆ. ಮಳೆಯಲ್ಲಿ ಜಾರಿದ್ದಕ್ಕೆ ಇದೇ ಕಾರಣ ಇರಬೇಕು. ಈಗಿನ ಟೈರ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಹತ್ತಬೇಡ. ಟೈರ್ ಬದಲಾಯಿಸುವವರೆಗೆ ಬಸ್ಸಲ್ಲೋ ರೈಲಲ್ಲೋ ಹೋಗಿ ಬಾ.

ಸೈಜಿನ ಮಾತು. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಯಾವ ಸೈಜಿನ ಟೈರ್‌ಗೆ ಗಾಳಿ ಎಷ್ಟು ಅಂತ ಬರೆದಿರುತ್ತದೆ. ನಿನ್ನ ಸ್ವಿಫ್ಟಿನ ಮೇಲಿನ ಮಾಡೆಲ್‌ಗಳಿಗೆ ಕಂಪನಿಯೇ 185/65 ಆರ್ 15 ಕೊಡುತ್ತದೆ. ಎತ್ತರ 621 ಮಿಲಿಮೀಟರ್ ಬರುತ್ತದೆ, ನಿನ್ನದು 620. ಮೀಟರ್ ತಪ್ಪುವುದಿಲ್ಲ, ಮಡ್ಗಾರ್ಡ್ ತಾಗುವುದಿಲ್ಲ. ಅಗಲ 20 ಮಿಲಿಮೀಟರ್ ಜಾಸ್ತಿ. ನಿನಗೆ ಅಷ್ಟು ಸಾಕು. ಅದಕ್ಕೆ ಕತ್ತರಿಸುವುದು ಬೆಸೆಯುವುದು ಏನೂ ಬೇಡ, ಅದೇ ಗಾಡಿಯ 15 ಇಂಚಿನ ವೀಲ್ ತಗೋ. ಹಳೇದು ತಗೊಂಡರೆ ಬ್ಯಾಲೆನ್ಸಿಂಗ್ ಮಷೀನ್ ಮೇಲೆ ಹಾಕಿಸಿ, ತಿರುಗುವಾಗ ಅಂಚು ಅಲ್ಲಾಡುತ್ತಾ ಅಂತ ನಿಂತು ನೋಡು. ಹೊಸದು ತಗೊಂಡರೆ ಐಎಸ್‌ಐ ಗುರುತು ನೋಡು, ಕಾರಿನ ರಿಮ್‌ಗಳಿಗೂ ಈಗ ಅದು ಇದೆ.

ನಮ್ಮಣ್ಣ ಕೆಆರ್‌ಎಸ್ ರಸ್ತೆಯ ವಿಕ್ರಾಂತ್ ಟೈರ್ ಫ್ಯಾಕ್ಟರಿಯಲ್ಲಿ ಇದ್ದವನು. ಜೆಕೆ ಟೈರ್ ಕೈಗೆ ಹೋಗಿ ಎಷ್ಟೋ ವರ್ಷ ಆದರೂ ನಮಗೆ ಅದು ವಿಕ್ರಾಂತೇ. ರಿಮ್ ಮತ್ತು ಟೈರ್ ಅಗಲಕ್ಕೆ ಒಂದು ಹೊಂದಿಕೆ ಇದೆ ಅಂತ ಅವನು ಯಾವಾಗಲೂ ಹೇಳುತ್ತಾನೆ. 185/65 ಆರ್ 15ಕ್ಕೆ ಐದರಿಂದ ಆರೂವರೆ ಇಂಚಿನ ರಿಮ್. ಅದಕ್ಕಿಂತ ಅಗಲದ ರಿಮ್ಮಿಗೆ ಎಳೆದು ಕೂರಿಸಿದರೆ ತಿರುವಿನಲ್ಲಿ ಟೈರಿನ ಅಂಚು ರಿಮ್ ಬಿಟ್ಟು ಬರಬಹುದು. ಸ್ಟೈಲ್‌ಗೆ ಅಂತ ಹಾಗೆ ಮಾಡಿಸುವ ಹುಡುಗರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ದುಡ್ಡು ಸಾಲದು ಅಂದರೆ ಬೇಜಾರು ಬೇಡ. ಈಗಿರುವ ಡಿಸ್ಕಿಗೇ ಹೊಸ 165/80 ನಾಲ್ಕು ಹಾಕಿಸಿ ಅಲೈನ್‌ಮೆಂಟ್ ಮಾಡಿಸು. ಸ್ವಿಫ್ಟ್ ಮಾಡಿದವರು ಆ ಸೈಜಿಗೂ ಬ್ರೇಕ್ ಲೆಕ್ಕ ಹಾಕಿದ್ದಾರೆ.

ಜಿಪ್ಸಿಯವರೇ, ನಿಮಗೆ ಇದುವರೆಗೆ ಏನೂ ಆಗಿಲ್ಲ ಅಂದದ್ದು ಸಂತೋಷ. ಒಂದು ಕೆಲಸ ಮಾಡಿ, ದಯವಿಟ್ಟು. ಒಂದೊಂದೇ ಚಕ್ರ ಬಿಚ್ಚಿ, ಒಳಮೈಯಲ್ಲಿ ವೆಲ್ಡಿಂಗ್ ಇರುವ ಕಡೆ ಪೇಂಟ್, ಪುಟ್ಟಿ ಎಲ್ಲ ವೈರ್ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ಸೀಮೆಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಪೂರ್ತಿ ಒರೆಸಿ. ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿ ಕಾಯಿರಿ. ಸೀಳು ಇದ್ದರೆ ಒಳಗೆ ಸೇರಿದ ಎಣ್ಣೆ ಮೇಲೆ ಬಂದು ಪುಡಿಯಲ್ಲಿ ಗೆರೆ ಮೂಡುತ್ತದೆ.

ಗುತ್ತಲು ಸ್ವಿಫ್ಟ್, ಮಂಡ್ಯ

ಆಯಿತಣ್ಣ. ಮೇಲಿನ ಮಾಡೆಲ್ ಝಡ್‌ಎಕ್ಸ್‌ಐನಿಂದ ಬಿಚ್ಚಿದ 15 ಇಂಚಿನ ನಾಲ್ಕು ವೀಲ್ ಮೈಸೂರಲ್ಲೇ ಸಿಕ್ಕಿತು. ಮಷೀನ್ ಮೇಲೆ ಹಾಕಿಸಿ ನೋಡಿದೆ, ಒಂದರ ಅಂಚು ಅಲ್ಲಾಡಿತು. ಅದನ್ನು ವಾಪಸ್ ಕೊಟ್ಟು ಬೇರೆ ತಗೊಂಡೆ. ನೀವು ಹೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಸ್ಟೆಪ್ನಿ ಹಳೇ 14 ಇಂಚಿನದೇ ಇದೆ, ನಡೆಯುತ್ತಾ? ಇನ್ಶೂರೆನ್ಸ್‌ಗೆ ಇಮೇಲ್ ಕಳಿಸಿದ್ದೇನೆ ಸರ್ವೇಯರ್ ಸರ್.

ಬನ್ನಿಮಂಟಪ ಟರ್ನರ್

ಎತ್ತರ ಒಂದೇ ಇರುವುದರಿಂದ ಪಂಕ್ಚರ್ ಅಂಗಡಿವರೆಗೆ ನಡೆಯುತ್ತದೆ. ಮೆಲ್ಲಗೆ ಹೋಗು. ಈಗ ಹಾಕಿರುವುದು ಅಲಾಯ್ ಆದರೆ ನಟ್ ಕೂರುವ ಜಾಗ ಕಬ್ಬಿಣದ ಡಿಸ್ಕಿನ ಹಾಗೆ ಇರದೇ ಇರಬಹುದು, ಅದರ ನಟ್ಟೇ ಹಾಕಿಸು. ನೂರು ಕಿಲೋಮೀಟರ್ ಓಡಿದ ಮೇಲೆ ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಟಾರ್ಕ್ ರೆಂಚ್‌ನಲ್ಲಿ ಇನ್ನೊಂದು ಸಲ ಬಿಗಿ ಮಾಡಿಸು. ಸ್ಪ್ಯಾನರ್ ಮೇಲೆ ಕಾಲಿಟ್ಟು ತುಳಿಯುವವರ ಹತ್ತಿರ ಬೇಡ.

ಜಯಲಕ್ಷ್ಮೀಪುರಂ ಜಿಪ್ಸಿ

ಸರ್, ಇವತ್ತು ಭಾನುವಾರ ಕೂತು ಮಾಡಿದೆ. ಮೂರು ಚಕ್ರ ಶುದ್ಧವಾಗಿವೆ. ಹಿಂದಿನ ಎಡಗಡೆಯದರಲ್ಲಿ ಪಟ್ಟಿ ಕೂಡುವ ಜಾಗದ ಹತ್ತಿರ ಒಂದು ಗೆರೆ ಮೂಡಿದೆ. ಒಂದು ಇಂಚು ಇರಬಹುದು. ಗ್ರೈಂಡರ್ ಗೀಚಿದ ಗುರುತಾ, ಸೀಳಾ ಅಂತ ನನಗೆ ಗೊತ್ತಾಗುತ್ತಿಲ್ಲ.

ಬನ್ನಿಮಂಟಪ ಟರ್ನರ್

ಪುಡಿ ಒರೆಸಿ, ಇನ್ನೊಂದು ಸಲ ಪುಡಿ ಹಚ್ಚಿ ನೋಡಿ. ಬರೀ ಗೀಚಾದರೆ ಮತ್ತೆ ಗೆರೆ ಬರುವುದಿಲ್ಲ.

ಜಯಲಕ್ಷ್ಮೀಪುರಂ ಜಿಪ್ಸಿ

ಬಂತು ಸರ್. ಅದೇ ಜಾಗದಲ್ಲಿ.

ಬನ್ನಿಮಂಟಪ ಟರ್ನರ್

ಆ ಗಾಡಿ ತೆಗೆಯಬೇಡಿ. ಬಾಕಿ ಮೂರನ್ನೂ ನಂಬಬೇಡಿ. ನಾಲ್ಕನ್ನೂ ಬಿಚ್ಚಿ ಆಟೋದಲ್ಲಿ ಹಾಕಿಕೊಂಡು ಬನ್ನಿ. ಜಿಪ್ಸಿಯ ಕಂಪನಿ ಡಿಸ್ಕ್ ಯಾರ ಹತ್ತಿರ ಇದೆ ಅಂತ ನಾನು ವಿಚಾರಿಸಿ ಇಟ್ಟಿರುತ್ತೇನೆ. ಬೆಳಗ್ಗೆ ಒಂಬತ್ತಕ್ಕೆ ಶಟರ್ ತೆಗೆಯುತ್ತೇನೆ.